ಥೇಮ್ಸ್ ನದಿಯ ದಡದಲ್ಲಿ ಒಂದು ಹಗಲು

ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು ಈಗ ಪರದೇಶಗಳಲ್ಲಿ ಉದ್ಯೋಗದಲ್ಲಿರುವರು. ಅವರ ಕರೆಗೆ ಓಗೊಟ್ಟು ತಾಯಿತಂದೆಗಳು ಎರಡು ಮೂರು ತಿಂಗಳ ಮಟ್ಟಿಗೆ ಸಮುದ್ರದಾಚೆಗೆ ಹೋಗಿಬರುವುದು ಈಚೆಗೆ ಸಾಮಾನ್ಯವಾಗಿಬಿಟ್ಟಿದೆ. ಹಾಗೆ ಹೋಗಿಬಂದವರು ಹೇಳುವ ವೃತ್ತಾಂತವೂ ಪ್ರಾಯಶಃ ಒಂದೇ ಬಗೆಯದು: ಅಳಿಯನ ಕಾರಿನಲ್ಲಿ ಕುಳಿತು ಕಿಟಕಿಯಿಂದ ಕಂಡ ಅರಮನೆ, ಕಿಟಕಿಯಿಂದ ಕಂಡ ಗೋಪುರ, ಕಿಟಕಿಯಿಂದ ಕಂಡ ಸೇತುವೆ. ಊರನ್ನು ಕಾಲಿನಿಂದ ನೋಡಬೇಕೆಂಬುದು ನಮ್ಮ ಹಳೆಯ ಮತ. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಶಾಲಾಮಕ್ಕಳನ್ನು ಶ್ರೀರಂಗಪಟ್ಟಣದ ಕೋಟೆಯ ಸುತ್ತ ನಡೆಸಿಯೇ ಚರಿತ್ರೆಯನ್ನು ಹೇಳಿಕೊಟ್ಟವರು ನಾವು. ಆದಕಾರಣ 2025ನೆಯ ಇಸವಿಯ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಮಗಳ ಮನೆಯಲ್ಲಿದ್ದಾಗ, ಒಂದು ದಿನವನ್ನಾದರೂ ಆ ಪಟ್ಟಣದಲ್ಲಿ ಪಾದಚಾರಿಗಳಾಗಿ ಕಳೆಯಬೇಕೆಂದು ನಿಶ್ಚಯಿಸಿದೆವು.

ಅಂದು ಶುಕ್ರವಾರ. ಮಗಳಿಗೂ ಅಳಿಯನಿಗೂ ರಜೆಯಿರಲಿಲ್ಲ. ಮಗಳು ಒಂದು ಚೀಟಿಯಲ್ಲಿ ದಾರಿಯನ್ನು ಬರೆದುಕೊಟ್ಟಳು. ವಾಕ್ಸಾಲ್ ಎಂಬ ನಿಲ್ದಾಣದಲ್ಲಿ ರೈಲಿನಿಂದ ಇಳಿಯತಕ್ಕದ್ದು. ನದಿಯ ದಡಕ್ಕೆ ಬರತಕ್ಕದ್ದು. ಅಲ್ಲಿಂದ ಮುಂದಕ್ಕೆ ನದಿಯನ್ನು ಸದಾ ಎಡಗೈ ಕಡೆಗೆ ಇಟ್ಟುಕೊಂಡು ನಡೆಯುತ್ತ ಹೋದರೆ ಸಂಜೆಯೊಳಗೆ ಸೇಂಟ್ ಪಾಲ್ ದೇವಾಲಯ ಸಿಕ್ಕುವುದು. ಇಷ್ಟೇ ಚೀಟಿಯಲ್ಲಿದ್ದುದು. ನಮ್ಮ ಮನೆಯವರು ಮೊಸರನ್ನವನ್ನೂ ಚಪಾತಿಯನ್ನೂ ಕಟ್ಟಿಕೊಂಡರು. ಕೊಡೆಯನ್ನು ನಾವು ಹಿಡಿದುಕೊಂಡೆವು; ಆ ದೇಶದಲ್ಲಿ ಬಿಸಿಲನ್ನು ಕಂಡು ಮೋಸಹೋಗಬಾರದೆಂಬುದನ್ನು ಒಂದು ವಾರದಲ್ಲಿಯೇ ಕಲಿತಿದ್ದೆವು.

ದಡಕ್ಕೆ ಬಂದೊಡನೆ ಮನೆಯವರು ಒಂದು ಆಕ್ಷೇಪವನ್ನೆತ್ತಿದರು. “ನದೀನ ಎಡಕ್ಕೆ ಇಟ್ಕೊಂಡು ನಡೆದರೆ ಅಪ್ರದಕ್ಷಿಣ ಆಗೋದಿಲ್ವೆ?”

“ನದಿಗೆ ಪ್ರದಕ್ಷಿಣೆ ಬರಬೇಕಾದರೆ ಸಮುದ್ರಾನೂ ಸುತ್ತಬೇಕಾಗುತ್ತೆ, ನಡಿ” ಎಂದೆವು. ಶಾಸ್ತ್ರಾರ್ಥವು ಅಲ್ಲಿಗೆ ನಿಂತಿತು.

ಲ್ಯಾಂಬೆತ್ ಸೇತುವೆಗೆ ಈಚೆಗೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ಕಲ್ಲುಕಟ್ಟಿದ ದಡದ ಮೇಲಿನ ಉದ್ಯಾನದಲ್ಲಿ ಬಸವಣ್ಣನವರ ವಿಗ್ರಹವಿದೆ. ಕಲಬುರಗಿಯ ಕಡೆಯಿಂದ ಹೋಗಿ ನೆಲಸಿ ಲ್ಯಾಂಬೆತ್ ಪುರಸಭೆಯ ಮೇಯರ್ ಆಗಿದ್ದ ವೈದ್ಯ ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪಿತವಾದ ಇದನ್ನು 2015ನೆಯ ನವೆಂಬರ್ 14ರಂದು ಭಾರತದ ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಬಿಜ್ಜಳನ ಭಂಡಾರಿಯಾಗಿದ್ದವರು ಇಲ್ಲಿ ಥೇಮ್ಸ್ ನದಿಯ ಗಾಳಿಯಲ್ಲಿರುವರು. ನದಿಯ ಆಚೆಯ ದಡದಲ್ಲಿ, ನೀರು ಹರಿಯುವ ದಿಕ್ಕಿಗೆ, ಪಾರ್ಲಿಮೆಂಟಿನ ಗೋಪುರಗಳು ಕಾಣುತ್ತವೆ.

ಈ ನೆರೆಹೊರೆಯನ್ನು ಕಂಡು ನಮ್ಮವರಲ್ಲಿ ಕೆಲವರು, ಪ್ರಪಂಚದ ಮೊದಲನೆಯ ಪಾರ್ಲಿಮೆಂಟು ನಮ್ಮ ಅನುಭವಮಂಟಪವೇ ಎಂದು ಹೇಳುವುದುಂಟು. ಆಂಗ್ಲರು ತಮ್ಮ ದೊರೆಯಿಂದ ಮ್ಯಾಗ್ನ ಕಾರ್ಟ ಎಂಬ ಪತ್ರವನ್ನು ಪಡೆದದ್ದು 1215ರಲ್ಲಿ. ಕಲ್ಯಾಣದ ಶರಣರು ಅದಕ್ಕೆ ಹಿಂದಿನವರೆಂಬುದು ದಿಟ. ಆದರೆ ಕರವನ್ನು ವಿಧಿಸುವ, ಕಾನೂನನ್ನು ಮಾಡುವ ಸಭೆಯೇ ಬೇರೆ. ತಾನು ಬಾಳುವ ರೀತಿ ಸರಿಯೇ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಕೂಟವೇ ಬೇರೆ. ಎರಡನೆಯದು ಮೊದಲನೆಯದಕ್ಕಿಂತ ಕಿರಿದೆಂದು ಯಾರು ಹೇಳಿದರು? ಇಲ್ಲದ ಬಿರುದನ್ನು ತೊಡಿಸಿದರೆ ಮಾತ್ರವೇ ಬಸವಣ್ಣನವರು ದೊಡ್ಡವರಾಗುವರೆಂದು ನಮಗೆ ತೋರುವುದಿಲ್ಲ. ಕುಲವನ್ನು ಕೇಳದೆ ಜನರನ್ನು ಪಕ್ಕದಲ್ಲಿ ಕೂರಿಸಿಕೊಂಡರೆಂಬುದೊಂದೇ ಸಾಕು. ಆ ಜನರಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯನೂ ಒಬ್ಬನು. ವಿಗ್ರಹದ ಹತ್ತಿರವಿರುವ ಲ್ಯಾಂಬೆತ್ ಸೇತುವೆಯ ಸ್ಥಳದಲ್ಲಿ ಹಿಂದೆ ಕುದುರೆಗಳನ್ನೂ ಗಾಡಿಗಳನ್ನೂ ದಾಟಿಸುವ ದೋಣಿಗಳಿದ್ದುವು. ಅದರ ನೆನಪಾಗಿ ಆಚೆದಡದ ಬೀದಿಯನ್ನು ಈಗಲೂ ಹಾರ್ಸ್‌ಫೆರಿ ರಸ್ತೆಯೆಂದೇ ಕರೆಯುತ್ತಾರೆ. ಅಂಬಿಗರ ಕಡವಿನ ಬಳಿಯಲ್ಲಿ ಬಸವಣ್ಣನವರಿಗೆ ಸ್ಥಳ ದೊರೆತದ್ದು ಕಾಕತಾಳೀಯವಾದರೂ ನಮಗೆ ಸಂತೋಷವಾಯಿತು. ಮನೆಯವರು ಕೈಮುಗಿದು, ತಂದಿದ್ದ ಬಾಳೆಹಣ್ಣುಗಳಲ್ಲಿ ಒಂದನ್ನು ಪೀಠದ ಮೇಲಿಡಲು ಹೋದರು. ತೋಟದ ಕೆಲಸದವನು ಏನೆನ್ನುವನೋ ಎಂದು ನಾವು ತಡೆದೆವು. ಆ ಹಣ್ಣನ್ನು ನಾವೇ ತಿಂದೆವು.

ಲ್ಯಾಂಬೆತ್ ಸೇತುವೆಗೆ ಕೆಂಪು ಬಣ್ಣ ಬಳಿದಿರುವರು. ಮುಂದಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಗೆ ಹಸುರು. ಪಾರ್ಲಿಮೆಂಟಿನಲ್ಲಿ ಪ್ರಭುಗಳ ಸಭೆಯ ಪೀಠಗಳು ಕೆಂಪು, ಜನಪ್ರತಿನಿಧಿಗಳ ಸಭೆಯ ಪೀಠಗಳು ಹಸುರು. ಎರಡರ ನಡುವೆ ಇರುವ ಆ ಕಟ್ಟಡಕ್ಕೆ ಹೀಗೆ ಎರಡು ಕಡೆಯೂ ಗುರುತು ಹಾಕಿದಂತಾಗಿದೆ. ಕೆಂಪು ಸೇತುವೆಯ ಬಲಗಡೆಗೆ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರ ಇಟ್ಟಿಗೆಯ ಅರಮನೆಯಿದೆ. ಅದನ್ನು ಹೊರಗಿನಿಂದ ನೋಡಿ ಮುಂದೆ ನಡೆದೆವು.

ಇಲ್ಲಿಂದ ವೆಸ್ಟ್‌ಮಿನ್‌ಸ್ಟರ್ ಸೇತುವೆಯವರೆಗೆ ಸೇಂಟ್ ಥಾಮಸ್ ಆಸ್ಪತ್ರೆಯ ಹೊರಗೋಡೆ. ಮಗಳು ಚೀಟಿಯಲ್ಲಿ ಇದನ್ನು ಬರೆದಿರಲಿಲ್ಲ. ಬೇಕೆಂದೇ ಬಿಟ್ಟಿದ್ದಳೆಂದು ಆಮೇಲೆ ತಿಳಿಯಿತು. ಆ ಗೋಡೆಯ ಉದ್ದಕ್ಕೂ, ಸುಮಾರು ಅರ್ಧ ಕಿಲೋಮೀಟರಿನಷ್ಟು, ಅಂಗೈಯಗಲದ ಕೆಂಪು ಹೃದಯದ ಚಿತ್ರಗಳು. ಕೋವಿಡ್ ಮಹಾಮಾರಿಯಲ್ಲಿ ಆ ದೇಶದಲ್ಲಿ ಸತ್ತವರಿಗೆ ಒಬ್ಬರಿಗೆ ಒಂದರಂತೆ, ಅವರ ಬಂಧುಗಳು 2021ನೆಯ ಮಾರ್ಚ್ ತಿಂಗಳಲ್ಲಿ ಬರೆಯತೊಡಗಿದ್ದು. ಈಗ ಎರಡು ಲಕ್ಷಕ್ಕೂ ಮಿಕ್ಕಿವೆ. ಅನೇಕ ಹೃದಯಗಳೊಳಗೆ ಹೆಸರು, ತಾರೀಖು, ‘ಅಪ್ಪ’, ‘ಅಜ್ಜಿ’ ಎಂದು ಬರೆದಿದೆ. ಎರಡು ಲಕ್ಷವೆಂಬ ಸಂಖ್ಯೆಯನ್ನು ಪತ್ರಿಕೆಯಲ್ಲಿ ಓದುವುದಕ್ಕೂ ಅದರ ಪಕ್ಕದಲ್ಲಿ ನಡೆಯುವುದಕ್ಕೂ ಇರುವ ಅಂತರ ನಡೆದವರಿಗೆ ಗೊತ್ತು.

ಮನೆಯವರ ತಮ್ಮನು 2021ನೆಯ ಮೇ ತಿಂಗಳಲ್ಲಿ ಇದೇ ರೋಗದಿಂದ ತೀರಿಕೊಂಡನು. ಅವರಿಗಿಂತ ಒಂಬತ್ತು ವರ್ಷ ಕಿರಿಯನು. ಎತ್ತಿ ಆಡಿಸಿದವರು ಅವರೇ. ಮುಖ ನೋಡಲಾಗಲಿಲ್ಲ. ಸಂಸ್ಕಾರವನ್ನು ಯಾರೋ ನಡೆಸಿದರು. ನಾವು ಮನೆಯಲ್ಲಿ ಕುಳಿತು ಫೋನಿನ ತೆರೆಯಲ್ಲಿ ನೋಡಿದೆವು. ನಾಲ್ಕು ವರ್ಷಗಳಲ್ಲಿ ಅವರು ಆ ದಿನದ ಮಾತನ್ನು ಎತ್ತಿದ್ದು ಕಡಿಮೆ, ನಾವು ಎತ್ತಿದ್ದು ಇಲ್ಲವೇ ಇಲ್ಲ. ವರ್ಷಾಬ್ದಿಕದ ಮಂತ್ರಗಳ ಅರ್ಥವನ್ನು ವಿವರಿಸಬಲ್ಲ ನಮಗೆ ಅವರೊಡನೆ ಈ ವಿಷಯದಲ್ಲಿ ಒಂದು ಮಾತನಾಡುವುದು ಸಾಧ್ಯವಾಗಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಗೋಡೆಯ ನಡುಭಾಗದಲ್ಲಿ ಒಬ್ಬ ವೃದ್ಧಸ್ತ್ರೀ ಚಿಕ್ಕ ಮಣೆಯ ಮೇಲೆ ಕುಳಿತು, ಮಳೆಗೆ ಮಾಸಿಹೋಗಿದ್ದ ಹೃದಯಗಳಿಗೆ ಕುಂಚದಿಂದ ಮತ್ತೆ ಬಣ್ಣ ತುಂಬುತ್ತಿದ್ದಳು. ಹೀಗೆ ಸ್ವಯಂಸೇವಕರು ಬಂದು ಬಣ್ಣ ಹಾಕುವ ಪದ್ಧತಿಯಿದೆ. “ಅದು ಯಾರದು ಅಂತ ಕೇಳಿ” ಎಂದರು ಮನೆಯವರು. ಕೇಳಿದೆವು. ಆ ಹೃದಯ ಯಾರದೆಂದು ಆಕೆಗೆ ತಿಳಿಯದು. ಆಕೆಯ ಗಂಡನದು ಇನ್ನೂ ಮುಂದೆ ಇದೆ. ಅದನ್ನು ಮುಗಿಸಿ ಉಳಿದವರದನ್ನೂ ಮಾಡುವಳಂತೆ. “ನನ್ನ ತಮ್ಮ ಅಂತ ಹೇಳಿ” ಎಂದರು ಮನೆಯವರು. ಅಷ್ಟನ್ನೇ ಆಂಗ್ಲಭಾಷೆಯಲ್ಲಿ ಹೇಳಿದೆವು. ಆಕೆ ಏನೂ ಕೇಳದೆ ಕುಂಚವನ್ನು ಅವರ ಕಡೆಗೆ ಚಾಚಿದಳು. ನಮ್ಮ ಮನೆಯವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ರಂಗೋಲಿಗೆ ಕುಳಿತಂತೆ ಕುಳಿತು, ಯಾರದೋ ಒಂದು ಮಾಸಿದ ಹೃದಯಕ್ಕೆ ಅಂಚಿನಿಂದ ಒಳಕ್ಕೆ ನಿಧಾನವಾಗಿ ಬಣ್ಣ ತುಂಬಿದರು. ನಾವು ಕೊಡೆಯನ್ನು ಹಿಡಿದು ನಿಂತಿದ್ದೆವು, ಮಳೆಯೇನೂ ಇರಲಿಲ್ಲ.

ವೆಸ್ಟ್‌ಮಿನ್‌ಸ್ಟರ್ ಸೇತುವೆಯ ನಡುವೆ ಬಂದಾಗ ಹನ್ನೆರಡು ಹೊಡೆಯಿತು. ಗಂಟೆಯ ನಾದ ಕಿವಿಗಿಂತ ಮೊದಲು ಎದೆಗೆ ಮುಟ್ಟುವಂಥದು. ಇಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕ್ಷಮೆಯನ್ನು ಬೇಡಬೇಕಾಗಿದೆ. ಕರಿಹಲಗೆಯ ಮೇಲೆ ಗೋಪುರದ ಚಿತ್ರವನ್ನು ಬರೆದು ಅದರ ಕೆಳಗೆ ‘ಬಿಗ್ ಬೆನ್’ ಎಂದು ಎಷ್ಟೋ ವರ್ಷ ಬರೆದೆವು. ಬಿಗ್ ಬೆನ್ ಎಂಬುದು ಒಳಗಿರುವ ದೊಡ್ಡ ಗಂಟೆಯ ಹೆಸರು. 1858ರಲ್ಲಿ ಎರಕ ಹೊಯ್ದದ್ದು, ತೂಕ 13.7 ಟನ್. ಗೋಪುರಕ್ಕೆ 2012ರಿಂದ ಎಲಿಜಬೆತ್ ಗೋಪುರವೆಂದು ಹೆಸರು. ಈ ಗಡಿಯಾರವನ್ನು ಸರಿಪಡಿಸುವ ವಿಧಾನವೂ ಸ್ವಾರಸ್ಯವಾಗಿದೆ: ಲೋಲಕದ ಮೇಲೆ ಹಳೆಯ ಪೆನ್ನಿ ನಾಣ್ಯಗಳನ್ನಿಟ್ಟಿರುವರು, ಒಂದು ನಾಣ್ಯವನ್ನು ಹೆಚ್ಚಿಗೆ ಇಟ್ಟರೆ ಗಡಿಯಾರವು ದಿನಕ್ಕೆ ಒಂದು ಸೆಕೆಂಡಿನ ಐದರಲ್ಲಿ ಎರಡು ಪಾಲು ಮುಂದಕ್ಕೆ ಹೋಗುತ್ತದೆ, ತೆಗೆದರೆ ಅಷ್ಟೇ ಹಿಂದಕ್ಕೆ ಬರುತ್ತದೆ. ಮಹಾಯಂತ್ರವು ಬಿಡಿಕಾಸಿನ ಮಾತನ್ನು ಕೇಳುವುದೆಂದು ಮನೆಯವರಿಗೆ ಬಹಳ ಮೆಚ್ಚಿಕೆಯಾಯಿತು.

ಇನ್ನೊಂದು ತಪ್ಪು. ವರ್ಡ್ಸ್‌ವರ್ತ್ ಕವಿ ಈ ಸೇತುವೆಯ ಮೇಲೆ ನಿಂತು ಬೆಳಗಿನ ಪಟ್ಟಣವನ್ನು ವರ್ಣಿಸಿದ ಪದ್ಯವನ್ನು ಪಾಠ ಹೇಳುವಾಗ, ‘ಈಗಲೂ ಹೋದರೆ ಆ ಕವಿ ನಿಂತ ಕಲ್ಲಿನ ಮೇಲೆ ನೀವೂ ನಿಲ್ಲಬಹುದು’ ಎನ್ನುತ್ತಿದ್ದೆವು. ಕವಿಯ ಪದ್ಯ 1802ನೆಯ ವರ್ಷದ್ದು. ಈಗಿನ ಸೇತುವೆ 1862ರಲ್ಲಿ ತೆರೆದದ್ದು. ಪಾರ್ಲಿಮೆಂಟಿನ ಕಟ್ಟಡವೂ ಹಾಗೆಯೇ, ಕಂಡಷ್ಟು ಹಳೆಯದಲ್ಲ. ಹಿಂದಿನ ಅರಮನೆಯು 1834ರ ಅಕ್ಟೋಬರಿನಲ್ಲಿ ಸುಟ್ಟುಹೋಯಿತು. ಕಾರಣವನ್ನು ಕೇಳಿದರೆ ಗೃಹಸ್ಥರು ನಗಬಹುದು: ಲೆಕ್ಕ ಗುರುತಿಸಲು ಹಿಂದೆ ಉಪಯೋಗಿಸುತ್ತಿದ್ದ ಕಚ್ಚುಹಾಕಿದ ಕಟ್ಟಿಗೆಯ ತುಂಡುಗಳು ರಾಶಿಬಿದ್ದಿದ್ದುವು, ಅವನ್ನು ಒಲೆಗೆ ಹಾಕಿ ಮುಗಿಸುವ ಆತುರದಲ್ಲಿ ಅರಮನೆಯೇ ಮುಗಿಯಿತು. ಉಳಿದುಕೊಂಡ ಭಾಗಗಳಲ್ಲಿ 1097ರಲ್ಲಿ ಕಟ್ಟಿದ ವೆಸ್ಟ್‌ಮಿನ್‌ಸ್ಟರ್ ಸಭಾಮಂದಿರ ಮುಖ್ಯವಾದುದು. ವಾರನ್ ಹೇಸ್ಟಿಂಗ್ಸನ ಮೇಲಿನ ವಿಚಾರಣೆ ನಡೆದದ್ದು ಅಲ್ಲಿಯೇ: 1788ರಲ್ಲಿ ತೊಡಗಿ 1795ರಲ್ಲಿ ಮುಗಿದು, ಅವನು ನಿರ್ದೋಷಿಯೆಂದು ತೀರ್ಪಾಯಿತು.

ದೊಡ್ಡ ತಿರುಗುಚಕ್ರದ ಬಳಿಯ ಹುಲ್ಲಿನ ತೋಟದಲ್ಲಿ ಬುತ್ತಿಯನ್ನು ಬಿಚ್ಚಿದೆವು. ಒಂದು ಕಡಲಹಕ್ಕಿ ನಮ್ಮ ಕೈಯಿಂದಲೇ ಚಪಾತಿಯನ್ನು ಕಿತ್ತುಕೊಂಡು ಹೋಯಿತು. ಅಲ್ಲಿಗೆ ಹೋಗುವವರು ಬಯಲಿನಲ್ಲಿ ಉಣ್ಣುವಾಗ ಎಚ್ಚರವಾಗಿರತಕ್ಕದ್ದು; ನಮ್ಮ ಕಾಗೆಗಳಿಗೆ ಇರುವಷ್ಟು ದಾಕ್ಷಿಣ್ಯವೂ ಆ ಹಕ್ಕಿಗಳಿಗೆ ಇಲ್ಲ.

ಊಟವಾದ ಮೇಲೆ ಮನೆಯವರು ಒಂದು ವಿಚಿತ್ರವನ್ನು ಕಂಡುಹಿಡಿದರು. “ನೋಡಿ, ನದಿ ಹಿಂದಕ್ಕೆ ಹರೀತಾ ಇದೆ!” ನಿಜವೇ. ಬೆಳಗ್ಗೆ ನಾವು ನಡೆಯುವ ದಿಕ್ಕಿಗೇ ಹರಿಯುತ್ತಿದ್ದ ನೀರಿನಲ್ಲಿ ಈಗ ಒಂದು ಮರದ ಕೊಂಬೆ ನಮಗೆ ಎದುರಾಗಿ ತೇಲಿ ಬರುತ್ತಿದ್ದಿತು. ಸಮುದ್ರದ ಉಬ್ಬರವು ಈ ನದಿಯಲ್ಲಿ ಪಟ್ಟಣವನ್ನೂ ದಾಟಿ ಮೇಲಕ್ಕೇರುತ್ತದೆ. ಲಂಡನ್ ಸೇತುವೆಯ ಬಳಿ ನೀರು ಏಳು ಮೀಟರಿನವರೆಗೆ ಏರಿಳಿಯುವುದುಂಟು. ಕಾವೇರಿಯ ಮಕ್ಕಳಾದ ನಮಗೆ ಇದು ಹೊಸದು. ಇದೇ ಕಾರಣದಿಂದ ಹಿಂದೆ ಊರಿನ ಹೊಲಸೆಲ್ಲ ಸಮುದ್ರಕ್ಕೆ ಹೋಗದೆ ಹಿಂದುಮುಂದಾಗಿ ಓಲಾಡುತ್ತ ಊರಿನಲ್ಲಿಯೇ ನಿಲ್ಲುತ್ತಿದ್ದಿತು. 1858ರ ಬೇಸಗೆಯಲ್ಲಿ ಪಾರ್ಲಿಮೆಂಟಿನವರು ದುರ್ವಾಸನೆಯನ್ನು ತಡೆಯಲಾರದೆ ಕಿಟಕಿಯ ತೆರೆಗಳನ್ನು ಸುಣ್ಣದ ಔಷಧದಲ್ಲಿ ಅದ್ದಿಸಿ ತೂಗುಹಾಕಿಸಿದರು. ಮೂಗಿಗೆ ಬಂದ ಮೇಲೆ ಹಣವೂ ಹೊರಬಂತು. ಬ್ಯಾಝಲ್ಜೆಟ್ ಎಂಬ ಶಿಲ್ಪಿಯು ಆಚೆಯ ದಡದಲ್ಲಿ ಕಲ್ಲುಕಟ್ಟಡವನ್ನು ಕಟ್ಟಿ, ಅದರ ಹೊಟ್ಟೆಯಲ್ಲಿ ಮಹಾಚರಂಡಿಯನ್ನು ಹಾಯಿಸಿ, ಹೊಲಸನ್ನು ಊರ ಹೊರಗಣ ಕೆಳದಂಡೆಗೆ ಒಯ್ದನು. ಇಷ್ಟಾದರೂ 1957ರಲ್ಲಿ ಈ ನದಿಯಲ್ಲಿ ಜೀವವಿಲ್ಲವೆಂದು ಪ್ರಕೃತಿಶಾಸ್ತ್ರಜ್ಞರು ಹೇಳಬೇಕಾಯಿತು. ಮತ್ತೆ ಶುದ್ಧಿಕಾರ್ಯ ನಡೆದು, ಈಗ ಮೀನುಗಳಿವೆ, ಮೀನು ತಿನ್ನಲು ಕಡಲನಾಯಿಗಳೂ ಬರುತ್ತವೆ. ನಾವು ನಮ್ಮ ವೃಷಭಾವತಿಯನ್ನು ನೆನೆದು ಸುಮ್ಮನಾದೆವು.

ವಾಟರ್ಲೂ ಸೇತುವೆಯ ಹೊತ್ತಿಗೆ ನಮ್ಮ ಎಡಮೊಳಕಾಲು ನೋಯತೊಡಗಿತು. “ಬಸ್ಸಿಗೆ ಹೋಗೋಣ” ಎಂದರು ಮನೆಯವರು. ನಡೆದೇ ಹೋಗುವುದೆಂದು ಹಟ ಹಿಡಿದೆವು. ಈ ಹಟ ಮುಂದೆ ಎರಡು ದಿನ ಹಾಸಿಗೆಯಲ್ಲಿ ಮಲಗಿಸಿತು. ಅರವತ್ತು ಮೀರಿದವರು ನಮ್ಮನ್ನು ಅನುಸರಿಸಕೂಡದು. ಆ ಸೇತುವೆಯು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಗಂಡಸರು ರಣರಂಗದಲ್ಲಿದ್ದಾಗ, ಬಹುಮಂದಿ ಹೆಂಗಸರ ದುಡಿಮೆಯಿಂದ ಆದದ್ದು. 1945ರ ಉದ್ಘಾಟನೆಯ ಭಾಷಣದಲ್ಲಿ ಹೊಗಳಿಸಿಕೊಂಡವರು ಮಾತ್ರ ಗಂಡಸರು. ಇದನ್ನು ಹೇಳಿದಾಗ ಮನೆಯವರು ಉತ್ತರ ಕೊಡಲಿಲ್ಲ. ನಮ್ಮ ಮೊಳಕಾಲನ್ನು ನೋಡಿದರು.

ಷೇಕ್ಸ್‌ಪಿಯರನ ನಾಟಕಶಾಲೆಯ ಮಾದರಿಯಲ್ಲಿ ಕಟ್ಟಿ 1997ರಲ್ಲಿ ತೆರೆದ ಗ್ಲೋಬ್ ನಾಟಕಮಂದಿರವನ್ನು ಮೊದಲು ನೋಡಿಕೊಂಡು, ಸ್ವಲ್ಪ ಹಿಂದಿರುಗಿ, ನಡೆಯುವವರಿಗೆಂದೇ ಮಾಡಿರುವ ಮಿಲೇನಿಯಂ ಸೇತುವೆಯನ್ನು ಹತ್ತಿದೆವು. 2000ನೆಯ ಇಸವಿಯ ಜೂನ್ ತಿಂಗಳಲ್ಲಿ ತೆರೆದ ದಿನವೇ ಇದು ಉಯ್ಯಾಲೆಯಂತೆ ಅತ್ತಿತ್ತ ತೂಗಾಡಿತು. ಎರಡೇ ದಿನಗಳಲ್ಲಿ ಮುಚ್ಚಿ, ತೂಗನ್ನು ಹೀರಿಕೊಳ್ಳುವ ಸಾಧನಗಳನ್ನು ಅಳವಡಿಸಿ, 2002ರಲ್ಲಿ ಮತ್ತೆ ತೆರೆದರು. ತೂಗಿದ್ದಕ್ಕೆ ಕಾರಣ ಜನರೇ: ಸ್ವಲ್ಪ ಓಲಿದಾಗ ಬೀಳದಂತೆ ಎಲ್ಲರೂ ತಿಳಿಯದೆಯೇ ಒಂದೇ ತಾಳಕ್ಕೆ ಹೆಜ್ಜೆ ಹಾಕಿದರು, ಆ ಹೆಜ್ಜೆಯಿಂದ ಓಲಾಟ ಇನ್ನೂ ಹೆಚ್ಚಿತು. ಇದನ್ನು ನಡುಸೇತುವೆಯಲ್ಲಿ ವಿವರಿಸಿದ್ದು ನಮ್ಮ ಅವಿವೇಕ. ಮನೆಯವರು ಉಳಿದ ದೂರವನ್ನು ನಮ್ಮ ತೋಳನ್ನು ಬಿಡದೆ ನಡೆದರು.

ಸೇಂಟ್ ಪಾಲ್ ದೇವಾಲಯದ ಪ್ರವೇಶಶುಲ್ಕ ಕಡಿಮೆಯೇನಲ್ಲ. ಪ್ರಾರ್ಥನೆಗೆಂದು ಬರುವವರಿಗೆ ಮಾತ್ರ ಶುಲ್ಕವಿಲ್ಲ. 1666ರ ಮಹಾಗ್ನಿಯಲ್ಲಿ ಹಳೆಯ ಗುಡಿ ಉರಿದ ಮೇಲೆ ಕ್ರಿಸ್ಟಫರ್ ರೆನ್ ಎಂಬ ಶಿಲ್ಪಿ 1675ರಲ್ಲಿ ಆರಂಭಿಸಿದ ಕಟ್ಟಡವಿದು. ಎತ್ತರ 111 ಮೀಟರ್. ಮನೆಯವರು ಒಂದು ಪೀಠದಲ್ಲಿ ಕುಳಿತುಬಿಟ್ಟರು. ನಾವು ಕುಂಟುತ್ತ ಒಂದು ವಿಗ್ರಹವನ್ನು ಹುಡುಕಿಕೊಂಡು ಹೊರಟೆವು. ಗುಮ್ಮಟದ ಬಳಿಯಲ್ಲಿ ಅದು ಸಿಕ್ಕಿತು: ಸರ್ ವಿಲಿಯಂ ಜೋನ್ಸ್. ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದು, 1784ರಲ್ಲಿ ಏಷ್ಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿ, ಸಂಸ್ಕೃತವು ಗ್ರೀಕ್ ಲ್ಯಾಟಿನ್ ಭಾಷೆಗಳ ಒಡಹುಟ್ಟೆಂದು 1786ರಲ್ಲಿ ಸಾರಿ, ಶಾಕುಂತಲವನ್ನು 1789ರಲ್ಲಿ ಆಂಗ್ಲಭಾಷೆಗೆ ತಂದವನು. 1794ರಲ್ಲಿ ಕಲ್ಕತ್ತೆಯಲ್ಲಿಯೇ ತೀರಿಕೊಂಡನು, ಸಮಾಧಿಯೂ ಅಲ್ಲಿಯೇ. ಈ ಅಮೃತಶಿಲೆಯ ಮೂರ್ತಿಯನ್ನು ಇಲ್ಲಿ ನಿಲ್ಲಿಸಿದವರು ಈಸ್ಟ್ ಇಂಡಿಯಾ ಕಂಪನಿಯವರು. ಕೆಳಗಿನ ಪೀಠದಲ್ಲಿ ಕೂರ್ಮಾವತಾರದ ಸಮುದ್ರಮಥನವನ್ನು ಕೆತ್ತಿರುವರು. ಕ್ರೈಸ್ತರ ಮಹಾಮಂದಿರದ ನಡುವೆ ಮಂದರಪರ್ವತವನ್ನು ಕಂಡು ನಾವು ಎಷ್ಟು ಹೊತ್ತು ನಿಂತೆವೋ ತಿಳಿಯದು. ನಮ್ಮ ಗುರುಗಳು ಜೋನ್ಸನ ಹೆಸರನ್ನು ಹೇಳುವಾಗ ಋಷಿಯ ಹೆಸರಿನಂತೆ ಹೇಳುತ್ತಿದ್ದರು.

ಮನೆಯವರು ಎದ್ದು ಬಂದರು. “ಕೈ ಹತ್ರ ಇರೋ ಪುಸ್ತಕ ಯಾವುದು?”

“ಮನುಸ್ಮೃತಿ.”

“ಬೆಳಗ್ಗೆ ನೋಡಿ ಬಂದ್ವಲ್ಲ, ಅವರು ಬೇಡ ಅಂದ ಪುಸ್ತಕ.”

ನಾವು ಅದನ್ನು ಯೋಚಿಸಿರಲಿಲ್ಲ. ಸಂಸ್ಕೃತವನ್ನು ಗೌರವಿಸಿದ ಆಂಗ್ಲನೆಂದು ಹುಡುಕಿಕೊಂಡು ಬಂದಿದ್ದೆವೇ ಹೊರತು, ಅವನ ಕೈಗೆ ಯಾವ ಗ್ರಂಥವನ್ನು ಕೊಟ್ಟಿರುವರೆಂದು ವಿಮರ್ಶಿಸಿರಲಿಲ್ಲ. ಜೋನ್ಸನು ಮನುವನ್ನು ಭಾಷಾಂತರಿಸಿದ್ದು ಕಾವ್ಯಾನಂದಕ್ಕಾಗಿ ಅಲ್ಲ. ಕಂಪನಿಯ ನ್ಯಾಯಸ್ಥಾನಗಳಲ್ಲಿ ಹಿಂದೂಗಳ ವ್ಯಾಜ್ಯಗಳನ್ನು ತೀರ್ಮಾನಿಸುವುದಕ್ಕೆ. ಪಂಡಿತರ ಮಾತಿನ ಮೇಲೆ ಅವನಿಗೆ ಪೂರ್ಣ ನಂಬಿಕೆಯಿರಲಿಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಆ ಗ್ರಂಥದ ಶ್ಲೋಕಗಳನ್ನು ಬಾಯಿಪಾಠ ಮಾಡಿದವರು ನಾವು. ಅದೇ ಕಾಲದಲ್ಲಿ ಆ ಪಾಠಶಾಲೆಯ ಜಗುಲಿಯನ್ನು ಹತ್ತದೆ ಹೊರಗೆ ನಿಂತು ಕೇಳುತ್ತಿದ್ದ ಒಬ್ಬ ಹುಡುಗನ ಮುಖವೂ ನಮಗೆ ನೆನಪಿದೆ. ಆ ಹುಡುಗನನ್ನು ಒಳಗೆ ಕರೆಯೋಣವೆಂದು ನಾವು ಗುರುಗಳಿಗೆ ಹೇಳಲಿಲ್ಲ.

ಅದೇ ಗುಡಿಯಲ್ಲಿ ಕಾರ್ನ್‌ವಾಲಿಸನ ಸ್ಮಾರಕವೂ ಇದೆ. 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪುವಿನ ಅರ್ಧರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡವನ್ನೂ ಕೇಳಿ, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಹಿಡಿದವನು. ಆ ಮಕ್ಕಳು ಕೋಟೆಯಿಂದ ಹೊರಟ ಕಥೆಯನ್ನು ಕೋಟೆಯ ಬಳಿಯಲ್ಲಿಯೇ ನಿಂತು ಎಷ್ಟು ತರಗತಿಗಳಿಗೆ ಹೇಳಿದ್ದೆವು! ಮನೆಯವರಿಗೂ ಹೇಳಿದೆವು. ಅವರು ಜೋನ್ಸನ ಕಡೆಗೊಮ್ಮೆ, ಇವನ ಕಡೆಗೊಮ್ಮೆ ನೋಡಿ, “ಇಬ್ಬರಿಗೂ ಒಂದೇ ಕಂಪನೀನೇ ಸಂಬಳ ಕೊಟ್ಟಿದ್ದು?” ಎಂದು ಕೇಳಿದರು. ಹೌದೆಂದೆವು.

ಹೊರಗೆ ಬಂದಾಗ ಐದು ಗಂಟೆ, ಬಿಸಿಲು ನಡುಹಗಲಿನಂತಿದ್ದಿತು. ಮೇ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ಎಂಟೂವರೆ ಗಂಟೆಗೂ ಮೇಲೆ. ಎರಡಂತಸ್ತಿನ ಬಸ್ಸಿನ ಮೇಲಂತಸ್ತನ್ನು ಹೇಗೋ ಹತ್ತಿ, ಮುಂದಿನ ಪೀಠದಲ್ಲಿ ಕುಳಿತು, ರೈಲುನಿಲ್ದಾಣಕ್ಕೆ ಬಂದೆವು. ದಡದ ಹಾದಿ ಲೆಕ್ಕಕ್ಕೆ ಐದು ಕಿಲೋಮೀಟರು. ಅತ್ತಿತ್ತ ಅಲೆದದ್ದೂ ಸೇರಿ ಏಳಾಗಿತ್ತೆಂದು ಮಗಳ ಫೋನಿನ ಯಂತ್ರ ಹೇಳಿತು.

ಮನೆಯಲ್ಲಿ ಮಗಳು ಬಿಸಿನೀರಿನಲ್ಲಿ ಉಪ್ಪು ಹಾಕಿ ನಮ್ಮ ಕಾಲುಗಳನ್ನು ಅದರಲ್ಲಿ ಇಡಿಸಿದಳು. ನಮ್ಮ ಊರಿನಲ್ಲಿ ಆಗ ಮಧ್ಯರಾತ್ರಿ. ಮನೆಯವರು ಮಲಗದೆ ಕಾದಿದ್ದು, ಅಲ್ಲಿ ಬೆಳಗಾಗಿರಬಹುದೆಂದು ಲೆಕ್ಕಹಾಕಿ, ತಮ್ಮನ ಹೆಂಡತಿಗೆ ಫೋನು ಮಾಡಿದರು. ಪಾರ್ಲಿಮೆಂಟಿನ ವಿಷಯವನ್ನಾಗಲಿ ಗುಮ್ಮಟದ ವಿಷಯವನ್ನಾಗಲಿ ಎತ್ತಲೇ ಇಲ್ಲ. ಆ ಗೋಡೆಯ ವಿಷಯವನ್ನು ಹೇಳಿದರು. ಆಮೇಲೆ ಇಬ್ಬರೂ ಅವನ ಮಾತನ್ನು ಆಡುತ್ತ ಬಹಳ ಹೊತ್ತು ಇದ್ದರು. ನಾವೂ ಎದ್ದು ಹೋಗಿ ಹತ್ತಿರ ಕುಳಿತುಕೊಂಡೆವು.